ತಳ ಮುಟ್ಟಿದ ಪೆಟ್ರೋಲು

ಕಾರಿನ ಫಲಕದಲ್ಲಿ ಪೆಟ್ರೋಲಿನ ಸಣ್ಣ ದೀಪ ಹೊತ್ತಿಕೊಂಡೊಡನೆ ಪ್ರಯಾಣಿಕರಲ್ಲಿ ಚರ್ಚೆ ಮೊದಲಾಗುತ್ತದೆ. "ತಳದ ಕಸವೆಲ್ಲ ಎಂಜಿನಿಗೆ ಹೋಗುತ್ತದೆ" ಎಂದು ಒಬ್ಬರು. "ಏನೂ ಆಗದು, ಇನ್ನೂ ಇಪ್ಪತ್ತು ಕಿಲೋಮೀಟರು ಹೋಗಬಹುದು" ಎಂದು ಇನ್ನೊಬ್ಬರು. ಇವರಲ್ಲಿ ಯಾರ ಮಾತು ಸರಿ? ಭೌತವಿಜ್ಞಾನದ ಸರಳ ತತ್ತ್ವಗಳಿಂದಲೇ ಇದನ್ನು ವಿಚಾರಮಾಡಬಹುದು.

ಮೊದಲು ಕಸದ ಮಾತು. ಪೆಟ್ರೋಲನ್ನು ಹೀರುವ ಬಾಯಿ ಯಾವಾಗಲೂ ಟ್ಯಾಂಕಿನ ತಳದ ಸಮೀಪದಲ್ಲಿಯೇ ಇರುತ್ತದೆ. ಟ್ಯಾಂಕು ತುಂಬಿದ್ದರೂ ಬರಿದಾಗುತ್ತಿದ್ದರೂ ಪಂಪು ಹೀರುವುದು ತಳದ ಪೆಟ್ರೋಲನ್ನೇ. ಜಾಲರಿಯೂ ಫಿಲ್ಟರೂ ಕಸವನ್ನು ತಡೆಯುತ್ತವೆ. ಆದುದರಿಂದ ಈ ಭಯಕ್ಕೆ ಹೆಚ್ಚಿನ ಆಧಾರವಿಲ್ಲ.

ನಿಜವಾದ ಪ್ರಶ್ನೆ ಪಂಪಿನದು. ಹಳೆಯ ಕಾರ್ಬ್ಯುರೇಟರ್ ಕಾರುಗಳಲ್ಲಿ ಪಂಪು ಸಾಮಾನ್ಯವಾಗಿ ಎಂಜಿನಿನ ಬಳಿ ಇರುತ್ತಿತ್ತು. ಇಂಜೆಕ್ಷನ್ ಪದ್ಧತಿಯ ಇಂದಿನ ಪೆಟ್ರೋಲ್ ಕಾರುಗಳಲ್ಲಿ ವಿದ್ಯುತ್ ಪಂಪು ಟ್ಯಾಂಕಿನೊಳಗೇ ಇರುತ್ತದೆ. ಪೆಟ್ರೋಲು ಅದರ ಮೋಟಾರಿನ ಮೂಲಕವೇ ಹರಿದು ಶಾಖವನ್ನು ಒಯ್ಯುತ್ತದೆ. ತಿರುಗುವ ಭಾಗಗಳ ಘರ್ಷಣೆಯನ್ನೂ ತಗ್ಗಿಸುತ್ತದೆ. ಹಾಗಾದರೆ ಬೆಂಕಿ ಹತ್ತದೆ? ದ್ರವದೊಳಗೆ ದಹನಕ್ಕೆ ಸಾಕಾಗುವಷ್ಟು ಆಮ್ಲಜನಕವಿಲ್ಲ. ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ ಸುಮಾರು 8 ಭಾಗವನ್ನು ಮೀರಿದರೆ ಆ ಮಿಶ್ರಣವೂ ಹೊತ್ತಿಕೊಳ್ಳದು. ಸಾಮಾನ್ಯ ಉಷ್ಣತೆಯಲ್ಲಿ ಟ್ಯಾಂಕಿನ ಆವಿ ಇದಕ್ಕಿಂತ ದಟ್ಟವಾಗಿರುತ್ತದೆ.

ಪಂಪಿನ ಶಾಖ 30 ಲೀಟರಿಗೆ ಬದಲು 3 ಲೀಟರಿಗೆ ಸೇರಿದರೆ ಉಷ್ಣತೆಯ ಏರಿಕೆ ಹತ್ತು ಪಟ್ಟಾಗುತ್ತದೆ. ಆದರೆ ಟ್ಯಾಂಕಿನ ಗೋಡೆಗಳಿಂದ ಶಾಖ ಹೊರಹೋಗುತ್ತಲೂ ಇರುತ್ತದೆ. ಅಲ್ಲದೆ ಅನೇಕ ಕಾರುಗಳಲ್ಲಿ ಪಂಪನ್ನು ಒಂದು ಚಿಕ್ಕ ಪಾತ್ರೆಯೊಳಗೆ ಇರಿಸಿ, ಟ್ಯಾಂಕಿನ ಮಟ್ಟ ಇಳಿದರೂ ಆ ಪಾತ್ರೆ ತುಂಬಿರುವಂತೆ ಏರ್ಪಡಿಸಿರುತ್ತಾರೆ. ಹೀಗಾಗಿ ಅಪರೂಪಕ್ಕೊಮ್ಮೆ ದೀಪ ಹೊತ್ತಿದ ಮೇಲೆ ಸ್ವಲ್ಪ ದೂರ ಓಡಿಸಿದರೆ ಪಂಪು ಕೆಡುವ ಸಂಭವ ಕಡಿಮೆ.

ಅಪಾಯ ಆರಂಭವಾಗುವುದು ಪಂಪಿಗೆ ಗಾಳಿ ಹೊಕ್ಕಾಗ. ಆಗುಂಬೆಯಂಥ ಘಾಟಿಯ ಒಂದು ತಿರುವನ್ನು ಊಹಿಸಿಕೊಳ್ಳಿ. ತಿರುವಿನ ತ್ರಿಜ್ಯ 25 ಮೀಟರು, ಕಾರಿನ ವೇಗ ಗಂಟೆಗೆ 36 ಕಿಲೋಮೀಟರು, ಎಂದರೆ ಸೆಕೆಂಡಿಗೆ 10 ಮೀಟರು ಎಂದಿಟ್ಟುಕೊಳ್ಳೋಣ. ವೇಗದ ವರ್ಗವನ್ನು ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದರೆ 0.41 ಬರುತ್ತದೆ. ಪೆಟ್ರೋಲಿನ ಮೇಲ್ಮೈ ಟ್ಯಾಂಕಿನ ತಳಕ್ಕೆ ಸುಮಾರು 22 ಡಿಗ್ರಿ ಓರೆಯಾಗುತ್ತದೆ! ತುಂಬಿದ ಟ್ಯಾಂಕಿಗೆ ಇದರಿಂದ ತೊಂದರೆಯಿಲ್ಲ. ಬಹುತೇಕ ಬರಿದಾದ ಟ್ಯಾಂಕಿನಲ್ಲಿಯಾದರೋ ಪೆಟ್ರೋಲೆಲ್ಲ ಒಂದು ಮೂಲೆಗೆ ಸರಿದು, ಹೀರುವ ಬಾಯಿ ಬಯಲಾಗಬಹುದು.

ಆಗ ಪಂಪು ಒಣಗಿ ತಿರುಗುತ್ತದೆ, ಎಂಜಿನು ತಡವರಿಸುತ್ತದೆ. ಉರಿಯದೆ ಉಳಿದ ಪೆಟ್ರೋಲು ಹೊಗೆಯ ಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಕೆಡಿಸಬಹುದು. ಡೀಸೆಲ್ ವಾಹನವಾದರೆ, ಕೊಳವೆಗಳ ಗಾಳಿಯನ್ನು ಹೊರದೂಡುವವರೆಗೆ ಎಂಜಿನು ಹೊರಡದೆ ಇರಬಹುದು. ಎಂಜಿನು ನಿಂತರೆ ಬ್ರೇಕಿಗೆ ದೊರೆಯುವ ನೆರವೂ ಒಂದೆರಡು ಬಾರಿ ತುಳಿಯುವುದರೊಳಗೆ ಮುಗಿದು, ಪೆಡಲು ಗಟ್ಟಿಯಾಗುತ್ತದೆ. ಇಳಿಜಾರಿನಲ್ಲಿ ಇದು ಪ್ರಾಣಕ್ಕೇ ಸಂಚಕಾರ.

ಆದುದರಿಂದ ಪೆಟ್ರೋಲು ಕಡಿಮೆಯಾಗುವುದು ಬೇರೆ, ಮುಗಿಯುವುದು ಬೇರೆ. ಮೊದಲನೆಯದು ಎಚ್ಚರಿಕೆ, ಎರಡನೆಯದು ಹಾನಿ. ಕಾಲು ಟ್ಯಾಂಕು ಉಳಿದಿರುವಾಗಲೇ ತುಂಬಿಸುವುದು, ಅದರಲ್ಲಿಯೂ ಘಾಟಿಯನ್ನು ಹತ್ತುವ ಮೊದಲು ತುಂಬಿಸುವುದು ವಿವೇಕ.