ಗೇರ್ ಆಯಿಲ್ ಅಳೆದ ಹುಡುಗ

ಅಪ್ಪನ ಯೆಜ್ಡಿ ರೋಡ್‌ಕಿಂಗ್ ನನ್ನ ಕೈಗೆ ಬಂದಾಗ ಎರಡೂ ಸೈಲೆನ್ಸರಿನಿಂದ ಹೊಗೆ ಉಗುಳುತ್ತಿತ್ತು. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಟೂ-ಸ್ಟ್ರೋಕ್ ಗಾಡಿ, ಒಂದಿಷ್ಟು ಹೊಗೆ ಸಹಜವೇ. ಇದು ಮಾತ್ರ ಸಿಗ್ನಲ್ಲಿನಲ್ಲಿ ನಿಂತರೆ ಹಿಂದಿನ ಆಟೋದವರು ಬೈಯುವಷ್ಟಿತ್ತು.

ಬೆಂಗಳೂರಿನ ಒಂದು ಗ್ಯಾರೇಜಿಗೆ ಒಯ್ದೆ. ಹೆಸರು ಬೇಡ. ಗೋಡೆ ತುಂಬ ಹಳೆಯ ಜಾವಾ ಫೋಟೋಗಳು. "ನಾನು ಯಾದವಗಿರಿ ಫ್ಯಾಕ್ಟರೀಲೇ ಇದ್ದೋನು ಸಾರ್" ಎಂದರು ಮಾಲೀಕರು. ಜಾವಾ, ಯೆಜ್ಡಿ ಗಾಡಿಗಳನ್ನು ತಯಾರಿಸುತ್ತಿದ್ದ ಮೈಸೂರಿನ ಆ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿದ್ದೆ ಎನ್ನುವವರನ್ನೆಲ್ಲ ಇವತ್ತು ಒಟ್ಟು ಸೇರಿಸಿದರೆ ಯಾದವಗಿರಿ ಸಾಲದು, ಇಡೀ ಮೈಸೂರೇ ಬೇಕಾದೀತು. ಆದರೆ ಅವತ್ತು ನನಗೆ ಆ ಮಾತೇ ಸರ್ಟಿಫಿಕೇಟು. ಗಾಡಿಗೆ ಒಂದು ಕಿಕ್ಕೂ ಹೊಡೆಯದೆ, "ಬೋರ್ ಹೋಗಿದೆ, ಪಿಸ್ಟನ್ ಚೇಂಜ್ ಮಾಡ್ಬೇಕು" ಎಂದರು. ತಲೆಯಾಡಿಸಿದೆ.

ಗಾಡಿ ಬಿಡಿಸಿಕೊಳ್ಳುವಾಗ ಹಳೆಯ ಪಿಸ್ಟನ್ ಕೇಳಿದರೆ, "ಗುಜರಿಗೆ ಹೋಯ್ತು ಸಾರ್". ಹೊಗೆ ಇದ್ದಂತೆಯೇ ಇತ್ತು. ರನ್ನಿಂಗ್-ಇನ್ ಆಗಬೇಕು, 1,000 ಕಿಲೋಮೀಟರ್ ಓಡಿಸಿ ನೋಡಿ ಎಂದರು. ಓಡಿಸಿದೆ. ಆಟೋದವರ ಬೈಗುಳವೂ ರನ್ನಿಂಗ್‌ನಲ್ಲೇ ಇತ್ತು.

ಕೊನೆಗೆ ಮೈಸೂರಿನ ಭಾವ ತಮ್ಮ ಬೀದಿಯ ಗ್ಯಾರೇಜಿಗೆ ಕರೆದೊಯ್ದರು. ಬೋರ್ಡೂ ಇಲ್ಲ. ಮೆಕ್ಯಾನಿಕ್ ಹುಡುಗನಿಗೆ ಮೂವತ್ತು ದಾಟಿರಲಿಲ್ಲ. ಕಾರ್ಖಾನೆ ಮುಚ್ಚಿದಾಗ ತೊಟ್ಟಿಲಲ್ಲಿದ್ದನೋ ಏನೋ. ನನಗೆ ನಂಬಿಕೆ ಬರಲಿಲ್ಲ.

ಅವನು ಸ್ಪ್ಯಾನರ್ ಮುಟ್ಟುವ ಮೊದಲು ಕೇಳಿದ: "ಗೇರ್ ಆಯಿಲ್ ಯಾವಾಗ ಹಾಕ್ಸಿದ್ದು ಅಣ್ಣ? ಎಷ್ಟ್ ಹಾಕಿದ್ರು?"

"ಬೋರ್ ಮಾಡಿಸಿದಾಗ. ಒಂದು ಲೀಟರ್. ಮನೆ ಮುಂದೆ ಒಂದು ತೊಟ್ಟೂ ಸೋರಿಲ್ಲ."

ಕೆಳಗಿನ ಬೋಲ್ಟ್ ಬಿಚ್ಚಿ ಆಯಿಲ್ಲನ್ನು ಟ್ರೇಗೆ ಇಳಿಸಿದ. ಪೂರ್ತಿ ತೊಟ್ಟಿಕ್ಕುವವರೆಗೆ ಕಾದ. ಆಮೇಲೆ ಒಂದು ಲೀಟರಿನ ಖಾಲಿ ನೀರಿನ ಬಾಟಲಿಗೆ ಹುಯ್ದು ನನ್ನ ಕಣ್ಣೆದುರು ಹಿಡಿದ. ಅರ್ಧಕ್ಕೂ ಬಂದಿರಲಿಲ್ಲ. "ಮನೆ ಮುಂದೆ ಒಂದ್ ತೊಟ್ಟೂ ಸೋರಿಲ್ಲ ಅಂತೀರ. ಮಿಕ್ಕಿದ್ದು ಎಲ್ಲಿಗೋಯ್ತು? ಇಂಜಿನ್ ಕುಡ್ದೈತೆ."

ಕ್ಲಚ್ ಕಡೆ ಕ್ರ್ಯಾಂಕ್ ಶಾಫ್ಟಿಗೆ ಒಂದು ರಬ್ಬರ್ ಆಯಿಲ್ ಸೀಲ್ ಇರುತ್ತದೆ. ಅದು ಸತ್ತರೆ, ಪಿಸ್ಟನ್ ಮೇಲೆ ಹೋದಾಗಲೆಲ್ಲ ಇಂಜಿನ್ ಆ ಸಂದಿನಿಂದ ಗೇರ್ ಆಯಿಲ್ ಹೀರಿಕೊಂಡು ಸುಡುತ್ತದೆ. ಹೊಗೆಯ ಮೂಲ ಅಲ್ಲಿತ್ತು. ಕ್ಲಚ್ ಬಿಚ್ಚಿ, ಸೀಲ್ ಕಿತ್ತು, ಒರೆಸಿ ನನ್ನ ಅಂಗೈಯಲ್ಲಿಟ್ಟ. ಮೆತ್ತಗಿರಬೇಕಾದ ಅಂಚು ಹಳೇ ಚಪ್ಪಲಿ ಅಟ್ಟೆಯಂತೆ ಸೆಟೆದುಕೊಂಡಿತ್ತು. ಹೊಸ ಸೀಲಿಗೆ ಆದ ಖರ್ಚು ನಾನೂ ಭಾವನೂ ಹೋಟೆಲಿನಲ್ಲಿ ಮಾಡಿದ ತಿಂಡಿಯಷ್ಟು.

ಬೆಂಗಳೂರಿನಲ್ಲಿ ಕೊಟ್ಟ ದುಡ್ಡು ಹೋದರೆ ಹೋಯಿತು, ಸಿಲಿಂಡರಿನ ಕತೆ ಬೇರೆ. ಬೋರ್ ಎಂದರೆ ಒಳಗೋಡೆ ಕೊರೆದು ಇನ್ನೂ ದಪ್ಪ ಪಿಸ್ಟನ್ ಕೂರಿಸುವುದು. ಕೆಲವೇ ಸಲ ಕೊರೆಯಬಹುದು, ಆಮೇಲೆ ಸ್ಲೀವ್ ಹಾಕಿಸಬೇಕು. ಆ ಕೆಲವು ಸಲಗಳಲ್ಲಿ ಒಂದನ್ನು ನಾನು ಸುಮ್ಮನೆ ಕಳೆದುಕೊಂಡೆ.

ಈಗ ಯಾವ ಗ್ಯಾರೇಜಿಗೆ ಹೋದರೂ ಗೋಡೆಯ ಫೋಟೋ ನೋಡುವುದಿಲ್ಲ. ಬಿಚ್ಚುವ ಮೊದಲು ಏನು ಕೇಳುತ್ತಾರೆ ಎಂದು ನೋಡುತ್ತೇನೆ. ಹಳೆಯ ಪಾರ್ಟು ಕೈಗೆ ಬಂದ ಮೇಲೆಯೇ ಪರ್ಸು ತೆಗೆಯುವುದು. ಇದಕ್ಕೆ ಮುಖ ಸಿಂಡರಿಸಿದವರೂ ಇದ್ದಾರೆ, ಅಲ್ಲಿಗೆ ಎರಡನೇ ಸಲ ಹೋಗಿಲ್ಲ.

ನಿಮ್ಮ ಮನೆಯ ಯೆಜ್ಡಿಯೂ ಹೀಗೆ ಹೊಗೆ ಬಿಡುತ್ತಿದ್ದರೆ, ಬೋರಿಗೆ ಹೂಂ ಅನ್ನುವ ಮುಂಚೆ ಗೇರ್ ಆಯಿಲ್ ಒಮ್ಮೆ ಇಳಿಸಿ ಅಳೆಸಿ.