ಮುತ್ತು ಹುಟ್ಟುವ ಬಗೆ

ಸ್ವಾತಿ ಮಳೆಯ ಹನಿ ಬಾಯ್ದೆರೆದ ಸಿಂಪಿಯೊಳಗೆ ಬಿದ್ದರೆ ಮುತ್ತಾಗುತ್ತದೆ ಎಂದು ನಾವೆಲ್ಲ ಊರಿನಲ್ಲಿ ಹಿರಿಯರ ಬಾಯಿಂದ ಕೇಳಿದ್ದೇವೆ. ಇಂಥ ನಂಬಿಕೆ ಬೇರೆ ದೇಶಗಳಲ್ಲಿಯೂ ಇತ್ತು. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ರೋಮಿನ ಪ್ಲಿನಿ ಎಂಬ ಪಂಡಿತನು ಆಕಾಶದ ಇಬ್ಬನಿಯೇ ಚಿಪ್ಪಿನಲ್ಲಿ ಮುತ್ತಾಗುವುದೆಂದು ಬರೆದಿಟ್ಟಿದ್ದಾನೆ. ಕಲ್ಪನೆಯೇನೋ ಸೊಗಸು. ಆದರೆ ಮುತ್ತಿನ ಚಿಪ್ಪುಗಳು ಬಾಳುವುದು ಹಲವು ಮಾರು ಆಳದ ಸಮುದ್ರತಳದಲ್ಲಿ. ಮಳೆಯ ಹನಿ ಹನಿಯಾಗಿಯೇ ಅಲ್ಲಿಗೆ ತಲುಪುವ ಬಗೆಯಿಲ್ಲ.

ಮರಳಿನ ಕಣ ಒಳಹೊಕ್ಕರೆ ಮುತ್ತಾಗುತ್ತದೆಂದು ಎಷ್ಟೋ ಪುಸ್ತಕಗಳು ಹೇಳುತ್ತವೆ. ಅದೂ ಬಹುಮಟ್ಟಿಗೆ ಸರಿಯಲ್ಲ. ಮರಳಿನ ನಡುವೆಯೇ ಬಾಳುವ ಪ್ರಾಣಿಗೆ ಮರಳನ್ನು ಹೊರದೂಡುವುದು ಗೊತ್ತು. ಸಂಗತಿ ಹೀಗಿದೆ. ಚಿಪ್ಪಿನ ಒಳಮೈಗೆ ತಾಗಿದಂತೆ ತೆಳುವಾದ ಮಾಂಸದ ಪೊರೆಯೊಂದಿರುತ್ತದೆ. ಚಿಪ್ಪನ್ನು ಕಟ್ಟುವ ಕೆಲಸ ಅದರದು. ಸಣ್ಣ ಹುಳುವೊಂದು ಒಳನುಗ್ಗಿದಾಗ, ಇಲ್ಲವೆ ಗಾಯವಾದಾಗ, ಆ ಪೊರೆಯ ಕೆಲವು ಜೀವಕೋಶಗಳು ಕಳಚಿ ಮೈಯೊಳಗೆ ಸೇರಿಕೊಳ್ಳುತ್ತವೆ. ಅಲ್ಲಿಯೂ ಅವು ತಮ್ಮ ಹಳೆಯ ಕಸುಬನ್ನು ಬಿಡವು. ಬೆಳೆದು ಚೀಲವಾಗಿ, ಅದರೊಳಗೆ ಪದರದ ಮೇಲೆ ಪದರ ಹೊದಿಸುತ್ತ ಹೋಗುತ್ತವೆ. ಪದಾರ್ಥವೆಂದರೆ ಸುಣ್ಣಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟೇ. ಅದರ ಚಪ್ಪಟೆ ಹರಳುಗಳು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ತೆಳುವಾಗಿದ್ದು, ಇಟ್ಟಿಗೆಯ ಗೋಡೆಯಂತೆ ಜೋಡಣೆಗೊಂಡಿರುತ್ತವೆ. ನಡುವೆ ಗಾರೆಯ ಹಾಗೆ ಒಂದು ಅಂಟು. ಈ ಪದರಗಳನ್ನು ಹೊಕ್ಕು ಹಿಂದಿರುಗುವ ಬೆಳಕೇ ಮುತ್ತಿನ ಕಾಂತಿ.

ಈ ಕಾಂತಿಗೆ ಮನಸೋಲದವರಿಲ್ಲ. ನವರತ್ನಗಳಲ್ಲಿ ಚಂದ್ರನ ಪಾಲಿಗೆ ಬಂದುದು ಮುತ್ತು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುಲ್ ರಜಾಕನು, ಅಲ್ಲಿಯ ಪೇಟೆಯಲ್ಲಿ ಮುತ್ತುರತ್ನಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನು ಕಂಡು ಬರೆದಿದ್ದಾನೆ.

ಕೊಂಡವರ ಹೆಸರು ಉಳಿಯಿತು. ಮುಳುಗಿ ತೆಗೆದವರದು ಉಳಿಯಲಿಲ್ಲ. ತೂತುಕುಡಿಯ ಬಳಿಯ ಮನ್ನಾರ್ ಕೊಲ್ಲಿ ಬಹು ಪ್ರಾಚೀನವಾದ ಮುತ್ತಿನ ನೆಲೆ. ಅಲ್ಲಿ ಪಾಂಡ್ಯರ ಕೊರ್ಕೈ ಬಂದರಿನಲ್ಲಿ ಶಿಕ್ಷೆಗೊಳಗಾದ ಕೈದಿಗಳಿಂದ ಮುತ್ತು ತೆಗೆಸುತ್ತಿದ್ದರೆಂದು ‘ಪೆರಿಪ್ಲಸ್’ ಎಂಬ ಹಳೆಯ ಗ್ರೀಕ್ ಗ್ರಂಥ ತಿಳಿಸುತ್ತದೆ. ಪಾರಸಿ ಕೊಲ್ಲಿಯ ಬಹರೇನ್, ಕುವೈತ್‌ಗಳಲ್ಲಿ ಕೈದಿಗಳು ಬೇಕಾಗಲಿಲ್ಲ, ಸಾಲವೇ ಸಾಕಾಯಿತು. ಬೇಸಿಗೆಯ ನಾಲ್ಕು ತಿಂಗಳು ದೋಣಿಯಲ್ಲೇ ವಾಸ. ಮೂಗಿಗೆ ಚಿಮಟಿ ಸಿಕ್ಕಿಸಿ, ಕಾಲಿಗೆ ಕಲ್ಲಿನ ಭಾರ ಕಟ್ಟಿ, ಕೊರಳಲ್ಲಿ ಬುಟ್ಟಿ ತೂಗಿ ಇಳಿಯುವುದು. ಉಸಿರು ಕಟ್ಟುವ ಹೊತ್ತಿಗೆ ಮೇಲಿನವನು ಹಗ್ಗ ಹಿಡಿದು ಎಳೆದುಕೊಳ್ಳುವುದು. ಮನೆಯ ಖರ್ಚಿಗೆಂದು ಯಜಮಾನನಿಂದ ಪಡೆದ ಮುಂಗಡ ತೀರುತ್ತಲೇ ಇರಲಿಲ್ಲ. ಅಪ್ಪ ಸತ್ತರೆ ಸಾಲ ಮಗನ ತಲೆಗೆ. ಮುಂಗಡದ ಲೆಕ್ಕ ಹೇಗೆ ಬೆಳೆಯುತ್ತದೆಂಬುದನ್ನು ನಮ್ಮ ವಾಚಕರಲ್ಲಿ ಕೆಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆ ತೆಗೆದ ಮುತ್ತು ಬಂದು ಸೇರುತ್ತಿದ್ದುದು ಮುಂಬಯಿಗೆ. ಇಲ್ಲಿ ಗಾತ್ರ ಬಣ್ಣ ನೋಡಿ ವಿಂಗಡಿಸಿ, ತೂತು ಕೊರೆದು, ಸರ ಪೋಣಿಸಿ ಪ್ಯಾರಿಸ್ಸಿನವರೆಗೂ ಕಳುಹಿಸುತ್ತಿದ್ದರು. ಬಸ್ರಾ ಮುತ್ತು ಎಂಬ ಹೆಸರು ಈ ವ್ಯಾಪಾರದಿಂದಲೇ ನಮ್ಮಲ್ಲಿ ನಿಂತದ್ದು.

ಜಪಾನಿನ ಮಿಕಿಮೊಟೊ ಎಂಬವರು 1893ರಲ್ಲಿ ಚಿಪ್ಪಿನೊಳಗೆ ಬೀಜವಿಟ್ಟು ಅರೆಗೋಲದ ಮುತ್ತು ಬೆಳೆಸಿದರು. ಮುಂದೆ ದುಂಡು ಮುತ್ತೂ ಸಾಧ್ಯವಾಯಿತು. 1929ರ ಜಾಗತಿಕ ಮುಗ್ಗಟ್ಟು ಅದಕ್ಕೆ ಕೂಡಿ, ಕೊಲ್ಲಿಯ ಮುತ್ತಿನ ವ್ಯಾಪಾರ ನೆಲಕಚ್ಚಿತು. ನಮ್ಮ ತೂತುಕುಡಿಯಲ್ಲಿಯೂ 1973ರಲ್ಲಿ ವಿಜ್ಞಾನಿಗಳು ಮುತ್ತು ಬೆಳೆಸಿ ತೋರಿಸಿದರು. ಈಗ ಹೈದರಾಬಾದಿನ ಅಂಗಡಿಗಳಲ್ಲಿ ದೊರೆಯುವುದು ಹೆಚ್ಚಾಗಿ ಸಾಕಿದ ಮುತ್ತೇ. ಚೀನದ ಸಿಹಿನೀರಿನದು ಬಹಳ.

ಸಾಕಿದ್ದು ನಕಲಿಯಲ್ಲ, ಅದರ ಮೇಲಿನ ಪದರ ನಿಜವಾದ ಮುತ್ತಿನದೇ. ಆದರೆ ಅದಕ್ಕೆ ಸಹಜ ಮುತ್ತಿನ ಬೆಲೆ ಕೊಡಬಾರದು. ತಂಗಿಯ ಮದುವೆಗೆಂದು ಸರ ಕೊಳ್ಳುವವರು ಇದನ್ನು ಗಮನಿಸಬೇಕು. ಹಲ್ಲಿಗೆ ಮೆಲ್ಲಗೆ ಉಜ್ಜಿದರೆ ಮುತ್ತು ಸ್ವಲ್ಪ ತರಿತರಿಯಾಗಿ ತೋರುತ್ತದೆ, ಗಾಜಿನ ಮಣಿ ನುಣ್ಣಗೆ ಜಾರುತ್ತದೆ. ಈ ಪರೀಕ್ಷೆಯಿಂದ ಗಾಜು ಸಿಕ್ಕಿಬೀಳುವುದೇ ಹೊರತು, ಸಹಜವೋ ಸಾಕಿದ್ದೋ ತಿಳಿಯದು. ಅದಕ್ಕೆ ಎಕ್ಸ್-ರೇ ಪರೀಕ್ಷೆಯೇ ಆಗಬೇಕು. ಸಹಜ ಮುತ್ತೆಂದು ದೊಡ್ಡ ಬೆಲೆ ಹೇಳುವ ಅಂಗಡಿಯವನಿಂದ ಪ್ರಯೋಗಶಾಲೆಯ ಪ್ರಮಾಣಪತ್ರ ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಇನ್ನೊಂದು ಮಾತು. ಒಡವೆ ತೊಳೆಯುವ ಹುಣಸೆಹುಳಿ, ನಿಂಬೆರಸ ಮುತ್ತಿಗೆ ಸೋಕಬಾರದು. ಸುಣ್ಣದ ಪದಾರ್ಥವಾದ್ದರಿಂದ ಹುಳಿ ಅದನ್ನು ತಿನ್ನುತ್ತದೆ. ಹಾಕಿ ತೆಗೆದ ಮೇಲೆ ಬೆವರು ಒರೆಸಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟರಾಯಿತು.