ಕರಬೂಜದ ಹೂವೂ ಜೇನುಹುಳುವೂ

ಕರಬೂಜದ ಹಣ್ಣನ್ನು ತಿನ್ನದವರು ನಮ್ಮಲ್ಲಿ ವಿರಳ. ಅದರ ಹೂವನ್ನು ಗಮನಿಸಿ ನೋಡಿದವರೂ ವಿರಳವೇ. ಕಳೆದ ಬೇಸಿಗೆಯವರೆಗೆ ನಾನೂ ನೋಡಿದವನಲ್ಲ.

ನಮ್ಮ ಹೊಲದಲ್ಲಿ ಕಬ್ಬಿಣದ ಕೊಳವೆಗಳನ್ನು ಕಮಾನಿನಂತೆ ಬಾಗಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಪಾಲಿಟನಲ್ ಒಂದನ್ನು ಕಟ್ಟಿದೆವು. ಗೊಬ್ಬರವೆಲ್ಲ ಕೊಟ್ಟಿಗೆಯದು, ಸಿಂಪಡಿಸಿದ್ದು ಬೇವಿನ ಬೀಜದ ಕಷಾಯ ಮಾತ್ರ. ಹಣ್ಣುನೊಣ ಬಾರದಿರಲೆಂದು ಎರಡು ತುದಿಗಳಿಗೂ ಸಣ್ಣ ಕಣ್ಣಿನ ಬಲೆ ಬಿಗಿದೆವು. ಬಳ್ಳಿ ದಾರ ಹಿಡಿದು ಸೊಂಪಾಗಿ ಏರಿತು, ಹೂವೂ ತುಂಬಿತು. ಆದರೆ ಹೀಚುಗಳು ಹಳದಿಗೊಂಡು ದಿನವೂ ಉದುರತೊಡಗಿದವು. ಸಾಲ ಮಾಡಿ ಹಾಕಿದ ಬೆಳೆ. ತಂದೆಯವರು ಊಟದ ಹೊತ್ತಿನಲ್ಲಿಯೂ ಮಾತನಾಡುತ್ತಿರಲಿಲ್ಲ.

ನಾನು ಇತಿಹಾಸದ ವಿದ್ಯಾರ್ಥಿ. ಸಸ್ಯಶಾಸ್ತ್ರದ ಗ್ರಂಥವನ್ನು ಬಿಡಿಸಿದ್ದು ಅಂದೇ ಮೊದಲು. ಕರಬೂಜದಲ್ಲಿ ಮೊದಲು ಬರುವುವು ಗಂಡುಹೂಗಳು. ಹೀಚನ್ನು ಹೊತ್ತ ಹೂಗಳು ಪಕ್ಕದ ಕುಡಿಗಳಲ್ಲಿ ಅನಂತರ ಮೂಡುತ್ತವೆ. ಪರಾಗ ಅಂಟಂಟಾದುದರಿಂದ ಗಾಳಿಗೆ ಹಾರದು, ಜೇನುಹುಳುವೇ ಒಯ್ಯಬೇಕು. ಹೂವಿನ ಆಯುಸ್ಸೋ ಒಂದೇ ದಿನ. ನೊಣವನ್ನು ತಡೆದ ನಮ್ಮ ಬಲೆ ಜೇನನ್ನೂ ತಡೆದಿತ್ತು!

ಮರುದಿನದಿಂದ ತಂಗಿಯೂ ನಾನೂ ಬೆಳಗಿನ 10 ಗಂಟೆಯೊಳಗೆ ಗಂಡುಹೂಗಳನ್ನು ಕಿತ್ತು, ದಳ ತೆಗೆದು, ಹೀಚುಹೂವಿನ ನಡುವಿಗೆ ಮೆಲ್ಲನೆ ತೀಡತೊಡಗಿದೆವು. ಬೆನ್ನು ನೋಯುವ ಕೆಲಸ. ಜೇನುಹುಳುವಿನ ಮೇಲೆ ನನಗೆ ಗೌರವ ಹುಟ್ಟಿದ್ದು ಆಗಲೇ. ನಿಂತ ಹೀಚುಗಳಲ್ಲಿ ಬಳ್ಳಿಗೆ ಎರಡನ್ನು ಉಳಿಸಿ, ಭಾರಕ್ಕೆ ಜಗ್ಗದಂತೆ ಬಲೆಚೀಲಗಳಲ್ಲಿ ತೂಗುಹಾಕಿದೆವು. ಸುಮಾರು 40 ದಿನಗಳ ಮೇಲೆ ತೊಟ್ಟಿನ ಸುತ್ತ ಬಿರುಕು ಮೂಡಿ, ಮೊದಲ ಹಣ್ಣು ಮುಟ್ಟಿದೊಡನೆ ಕಳಚಿ ಬಂತು. ತಂದೆಯವರೇ ಅದನ್ನು ಹೆಚ್ಚಿ, ದೊಡ್ಡ ಹೋಳನ್ನು ತಂಗಿಯ ಕೈಗಿತ್ತರು.